ಊಜಿಯಲ್ಲ, ಪತಂಗ: ಟೊಮೆಟೊ ಎಲೆಯೊಳಗೆ ಕುಳಿತ ಹುಳುವಿನ ದಿನಲೆಕ್ಕ

ಓದುಗರ ಪ್ರಶ್ನೆ:

“ಮುಳಬಾಗಿಲು ತಾಲ್ಲೂಕಿನಲ್ಲಿ ನಮ್ಮದು ಒಂದೂವರೆ ಎಕರೆ ಟೊಮೆಟೊ. ಸಂಕ್ರಾಂತಿ ಕಳೆದ ವಾರಕ್ಕೆ ನರ್ಸರಿಯಿಂದ ನಾರು (ಸಸಿ) ತಂದು ನೆಟ್ಟೆವು. ಇಂದಿಗೆ ನಲವತ್ತೆಂಟನೆಯ ದಿನ. ಮೊದಲ ಗೊಂಚಲಿನ ಕಾಯಿ ನಿಂಬೆಹಣ್ಣಿನ ಗಾತ್ರಕ್ಕೆ ಬಂದಿದೆ. ಆದರೆ ಮೂರನೆಯ ವಾರದಿಂದಲೇ ಎಲೆಗಳ ಮೇಲೆ ಬಿಳಿ ಹಾಳೆಯಂಥ ಮಚ್ಚೆಗಳು ಬಿದ್ದು, ಒಣಗಿ, ಗಿಡ ಸುಟ್ಟಂತೆ ಕಾಣುತ್ತಿದೆ. ಈಗ ಕಾಯಿಯ ತೊಟ್ಟಿನ ಬಳಿಯೂ ಸೂಜಿ ಚುಚ್ಚಿದಂಥ ತೂತು. ಏಳು ಸಲ ಮದ್ದು ಹೊಡೆದಿದ್ದೇನೆ, ನಾಲ್ಕು ಬೇರೆ ಬೇರೆ ಡಬ್ಬಿ. ಊರಿನಲ್ಲಿ ಇದನ್ನು ಊಜಿ ಎನ್ನುತ್ತಾರೆ. ರೇಷ್ಮೆ ಹುಳುವಿನಿಂದ ಟೊಮೆಟೊಗೆ ಹತ್ತಿತು ಎಂದು ಕೆಲವರು, ಬೆಂಗಳೂರಿನಿಂದ ಸಂಸ್ಕರಿಸಿ ಬಿಡುವ ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಶುರುವಾಯಿತು ಎಂದು ಕೆಲವರು, ಬೀಜದಲ್ಲೇ ಇದೆ ಎಂದು ಇನ್ನು ಕೆಲವರು. ನಮ್ಮ ಪೂರ್ವಕ್ಕೆ ಅಣ್ಣನ ಹೊಲ. ರೇಟು ಬಿದ್ದಾಗ ಕೀಳುವುದನ್ನು ಬಿಟ್ಟ ಹಳೆಯ ಟೊಮೆಟೊ ಅಲ್ಲಿ ಇನ್ನೂ ನಿಂತಿದೆ. ಪಶ್ಚಿಮಕ್ಕೆ ಅತ್ತಿಗೆಯ ಹಿಪ್ಪುನೇರಳೆ ತೋಟ. ಅವರು ರೇಷ್ಮೆ ಹುಳು ಸಾಕುತ್ತಾರೆ. ಇದಕ್ಕೆ ಸರಿಯಾದ ಮದ್ದು ಯಾವುದು? ಅಥವಾ ಗಿಡ ಕಿತ್ತುಹಾಕಿ ಬೇರೆ ಬೆಳೆ ಇಡುವುದು ಒಳ್ಳೆಯದೇ?”

ತಜ್ಞರ ಉತ್ತರ:

ಗಿಡ ಕೀಳಬೇಡಿ. ನೀವು ಕಳುಹಿಸಿದ ಚಿತ್ರಗಳಲ್ಲಿ ಚಿಗುರು ಇನ್ನೂ ಗಟ್ಟಿಯಾಗಿದೆ, ಕಾಯಿ ಕಟ್ಟುವುದು ನಿಂತಿಲ್ಲ. ಈ ತೋಟ ಉಳಿಯುತ್ತದೆ. ಆದರೆ ಎಂಟನೆಯ ಸಲ ಮದ್ದು ಹೊಡೆಯುವ ಮೊದಲು ಸ್ವಲ್ಪ ಕೈ ತಡೆಯಿರಿ. ಏಳು ಸಲ ಹೊಡೆದೂ ಹುಳು ಉಳಿದದ್ದು ಏಕೆ ಎಂಬುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಡಬ್ಬಿಗಳ ಚಿತ್ರದಲ್ಲಿ ಅರ್ಧ, ಪೂರ್ವಕ್ಕಿರುವ ಅಣ್ಣನ ಹೊಲದಲ್ಲಿ ಇನ್ನರ್ಧ.

ಮೊದಲು ಹೆಸರಿನ ವಿಷಯ. ಊಜಿ ಎಂಬುದು ನೊಣ. ಅದು ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ, ಅದರ ಮರಿ ಹುಳುವಿನ ಮೈಯೊಳಗೆ ಹೊಕ್ಕು ಅದನ್ನೇ ತಿಂದು ಬೆಳೆಯುತ್ತದೆ. 1980ರಲ್ಲಿ ಬಂಗಾಳದ ಗೂಡಿನ ಜೊತೆ ಕರ್ನಾಟಕಕ್ಕೆ ಬಂದು ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಸಾಕಣೆ ಮನೆಗಳನ್ನು ಅದು ಎಷ್ಟು ಕಾಡಿತೆಂದರೆ, ನಮ್ಮ ಸೀಮೆಯಲ್ಲಿ ತಡೆಯಲಾರದ ಪೀಡೆಗೆಲ್ಲ ಊಜಿ ಎನ್ನುವುದೇ ರೂಢಿಯಾಯಿತು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ಮಾಂಸ ತಿಂದು ಬೆಳೆಯುವ ನೊಣದ ಮರಿ ಸೊಪ್ಪು ತಿನ್ನಲಾರದು. ನಿಮ್ಮ ಎಲೆಯೊಳಗೆ ಇರುವುದು ಒಂದು ಸಣ್ಣ ಪತಂಗದ ಮರಿ. ರೇಷ್ಮೆ ಹುಳುವೂ ಪತಂಗದ ಮರಿಯೇ. ವರಸೆ ಹಿಡಿದರೆ ನಿಮ್ಮ ಟೊಮೆಟೊ ಹುಳು ರೇಷ್ಮೆ ಹುಳುವಿಗೆ ನೆಂಟ, ಊಜಿಗೆ ಏನೂ ಅಲ್ಲ. ಈ ನೆಂಟಸ್ತಿಕೆಯನ್ನು ನೆನಪಿಟ್ಟುಕೊಳ್ಳಿ. ಅತ್ತಿಗೆಯ ತೋಟದ ಮಾತು ಬಂದಾಗ ಇದೇ ಮುಖ್ಯವಾಗುತ್ತದೆ.

ಈ ಪತಂಗದ ಹೆಸರು ಟೂಟಾ ಅಬ್ಸಲ್ಯೂಟಾ. ಅಂಗಡಿಯವರು ಚಿಕ್ಕದಾಗಿ ಟೂಟಾ ಎನ್ನುತ್ತಾರೆ. ಇತ್ತೀಚೆಗೆ ವಿಜ್ಞಾನಿಗಳು ಅದರ ಕುಲನಾಮವನ್ನು ಫ್ತೋರಿಮೇಯ ಎಂದು ಬದಲಿಸಿದ್ದಾರೆ. ಹೊಸ ಲೇಖನಗಳಲ್ಲಿ ಆ ಹೆಸರು ಕಂಡರೆ ಅದು ಇನ್ನೊಂದು ಹುಳು ಎಂದು ಗಾಬರಿಯಾಗಬೇಡಿ.

ರಂಗೋಲಿ ಹುಳುವಿನ ಜೊತೆಗೂ ಇದನ್ನು ಬೆರೆಸಬೇಡಿ. ಅದು ಎಲೆಯ ಮೇಲೆ ಹಾವು ಹರಿದಂತೆ ಸಣ್ಣ ಬಿಳಿ ಗೆರೆ ಎಳೆಯುತ್ತದೆ. ಅದು ನೊಣದ ಮರಿ, ಕಾಯಿಯನ್ನು ಮುಟ್ಟುವುದಿಲ್ಲ. ಟೂಟಾ ಎಳೆಯುವುದು ಗೆರೆಯನ್ನಲ್ಲ. ಎಲೆಯ ಮೇಲಿನ ಮತ್ತು ಕೆಳಗಿನ ಸಿಪ್ಪೆಯನ್ನು ಹಾಗೇ ಬಿಟ್ಟು ನಡುವಿನ ಹಸಿರನ್ನಷ್ಟೇ ತಿನ್ನುವುದರಿಂದ ಅಂಕುಡೊಂಕಾದ ಅಗಲ ಮಚ್ಚೆ ಬೀಳುತ್ತದೆ, ಬೆಣ್ಣೆ ಕಾಗದದ ಹಾಗೆ ಆಚೆಗಿನ ಬೆಳಕು ಕಾಣುತ್ತದೆ. ಆ ಮಚ್ಚೆಯ ಒಂದು ಮೂಲೆಯಲ್ಲಿ ಕರಿ ಹಿಕ್ಕೆ ಗುಡ್ಡೆಯಾಗಿರುತ್ತದೆ. ಕಾಯಿಕೊರಕವಾದರೆ ಕಾಯಿಯಲ್ಲಿ ದೊಡ್ಡ ದುಂಡು ತೂತು ಮಾಡಿ, ತಲೆ ಒಳಗೆ ಮೈ ಹೊರಗೆ ಇಟ್ಟುಕೊಂಡು ತಿನ್ನುತ್ತದೆ. ತೊಟ್ಟಿನ ಬಳಿಯ ಸೂಜಿ ತೂತು ಟೂಟಾದ ಗುರುತು.

ಇದು ಎಲ್ಲಿಂದ ಬಂತು ಎಂಬುದಕ್ಕೆ ಊರಿನಲ್ಲಿ ಮೂರು ಕಥೆಗಳಿವೆ ಎಂದಿರಿ. ನಿಜವಾದ ಕಥೆ ಅವುಗಳಿಗಿಂತ ಉದ್ದ. ಪೆರು ದೇಶದ ಆಂಡೀಸ್ ಬೆಟ್ಟಗಳಲ್ಲಿ ಸಿಕ್ಕ ಪತಂಗವನ್ನು ನೋಡಿ 1917ರಲ್ಲಿ ಇದಕ್ಕೆ ಹೆಸರಿಟ್ಟವರು ಎಡ್ವರ್ಡ್ ಮೇರಿಕ್ ಎಂಬ ಇಂಗ್ಲೆಂಡಿನ ಶಾಲಾ ಮೇಷ್ಟರು. ಸುಮಾರು ನಲವತ್ತು ವರ್ಷ ಅದು ಯಾರಿಗೂ ದೊಡ್ಡ ತೊಂದರೆಯಾಗಿರಲಿಲ್ಲ. 1960ರ ದಶಕದಿಂದ ಟೊಮೆಟೊ ವ್ಯಾಪಾರದ ಜೊತೆ ಚಿಲಿ, ಅರ್ಜೆಂಟೀನಾ, ಬ್ರೆಜಿಲ್ ಎಂದು ದಕ್ಷಿಣ ಅಮೆರಿಕವನ್ನೆಲ್ಲ ಆವರಿಸಿತು. 2006ರಲ್ಲಿ ಕಡಲು ದಾಟಿ ಸ್ಪೇನಿನಲ್ಲಿ ಕಾಣಿಸಿಕೊಂಡಿತು. ವಂಶವಾಹಿಗಳನ್ನು ಹೋಲಿಸಿ ನೋಡಿದವರು, ಸ್ಪೇನಿಗೆ ಬಂದದ್ದು ಒಂದೇ ಒಂದು ಸಲ, ಅದೂ ಚಿಲಿ ದೇಶದ ನಡುಭಾಗದಿಂದ ಎಂದು ಕಂಡುಕೊಂಡಿದ್ದಾರೆ. ಆ ಒಂದು ಬಾಗಿಲಿನಿಂದ ಹೊಕ್ಕದ್ದು 2009ಕ್ಕೆ ಟರ್ಕಿ, ಮರುವರ್ಷ ಇರಾನ್ ಮತ್ತು ಸುಡಾನ್, 2014ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಪುಣೆ ತಲುಪಿತು. ಅಲ್ಲಿ ಅದನ್ನು ಗುರುತಿಸಿ ಎಚ್ಚರಿಸಿದವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು. 2015ರ ಹೊತ್ತಿಗೆ ಕರ್ನಾಟಕದ ಟೊಮೆಟೊ ಸೀಮೆಗಳಲ್ಲಿ ಅದು ನೆಲೆಯೂರಿತ್ತು. 2017ರಲ್ಲಿ ಚೀನಾದಲ್ಲೂ ಕಂಡಿತು.

ಈ ದಾರಿಯನ್ನೇಕೆ ಇಷ್ಟು ವಿವರವಾಗಿ ಹೇಳುತ್ತಿದ್ದೇನೆ ಎಂದರೆ, ಊರಿನ ಎರಡು ಅನುಮಾನಗಳಿಗೆ ಉತ್ತರ ಇದರಲ್ಲೇ ಇದೆ. ಕೆ.ಸಿ. ವ್ಯಾಲಿಯ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿದ್ದು 2018ರಲ್ಲಿ. ಪತಂಗ ಅದಕ್ಕೂ ಮೊದಲೇ ಇಲ್ಲಿತ್ತು. ಆ ನೀರಿನ ಬಗ್ಗೆ ಕೇಳಬೇಕಾದ ಬೇರೆ ಪ್ರಶ್ನೆಗಳಿವೆ, ಅವನ್ನು ಕೇಳಲೇಬೇಕು. ಆದರೆ ಈ ಹುಳುವಿನ ತಪ್ಪನ್ನು ಅದರ ತಲೆಗೆ ಕಟ್ಟಬಾರದು. ಬೀಜದ ವಿಷಯವೂ ಅಷ್ಟೇ. ಮೊಟ್ಟೆ ಇಡುವುದು ಎಲೆಗೆ, ಎಳೆ ಕಾಂಡಕ್ಕೆ, ಕಾಯಿಯ ತೊಟ್ಟಿಗೆ. ಬೀಜದ ಪೊಟ್ಟಣದಲ್ಲಿ ಅದು ಬರುವುದಿಲ್ಲ. ಬರುವುದು ನಾರಿನಲ್ಲಿ, ಹಣ್ಣಿನಲ್ಲಿ, ಮಾರುಕಟ್ಟೆಗೆ ಹೋಗಿ ಖಾಲಿಯಾಗಿ ಮರಳುವ ಬಾಕ್ಸ್‌ಗಳಲ್ಲಿ. ಕೋಲಾರದ ಎ.ಪಿ.ಎಂ.ಸಿ.ಗೆ, ವಡ್ಡಹಳ್ಳಿಗೆ, ಗಡಿಯಾಚೆಯ ಮದನಪಲ್ಲಿಗೆ ಎಷ್ಟು ತೋಟಗಳ ಬಾಕ್ಸ್ ಬರುತ್ತದೆ, ಬೆರೆಯುತ್ತದೆ, ವಾಪಸು ಹೋಗುತ್ತದೆ ಎಂದು ಯೋಚಿಸಿ. ಮರಳಿ ಬಂದ ಬಾಕ್ಸ್‌ಗಳನ್ನು ತೋಟದ ಬದುವಿನಲ್ಲಿ ಪೇರಿಸುವ ಮೊದಲು, ತಳದಲ್ಲಿ ಅಂಟಿದ ಎಲೆ ಚೂರು, ಕೊಳೆತ ಕಾಯಿ ತೆಗೆದು ತೊಳೆದು ಬಿಸಿಲಿಗೆ ಒಣಗಿಸಿ.

ಈಗ ಅದರ ಬದುಕಿನ ಲೆಕ್ಕಕ್ಕೆ ಬರೋಣ. ಇಡೀ ಉತ್ತರದಲ್ಲಿ ನಿಮಗೆ ಹೆಚ್ಚು ಕೆಲಸಕ್ಕೆ ಬರುವ ಭಾಗ ಇದೇ.

ದೊಡ್ಡ ಪತಂಗ ಅಕ್ಕಿ ಕಾಳಿಗಿಂತ ತುಸು ಉದ್ದ, ಬೂದು ಬಣ್ಣ, ರೆಕ್ಕೆಯ ಮೇಲೆ ಕಪ್ಪು ಚುಕ್ಕೆ. ಹಗಲೆಲ್ಲ ಎಲೆಗಳ ನಡುವೆ ಅಡಗಿರುತ್ತದೆ, ಮುಸ್ಸಂಜೆಯಿಂದ ನಸುಕಿನವರೆಗೆ ಓಡಾಡುತ್ತದೆ. ಅದಕ್ಕೇ ಹೆಚ್ಚಿನ ರೈತರು ಹುಳುವನ್ನು ನೋಡಿರುತ್ತಾರೆ, ಪತಂಗವನ್ನು ನೋಡಿರುವುದಿಲ್ಲ. ಹೆಣ್ಣು ತನ್ನ ಜೀವಮಾನದಲ್ಲಿ ಹೆಚ್ಚೆಂದರೆ 260ರಷ್ಟು ಮೊಟ್ಟೆ ಇಡುತ್ತದೆ. ಎಲ್ಲವನ್ನೂ ಒಂದೇ ಕಡೆ ಇಡದೆ, ಬಹುಪಾಲು ಎಲೆಯ ಅಡಿಯಲ್ಲಿ, ಒಂದೊಂದಾಗಿ ಹಂಚುತ್ತದೆ. ಒಂದು ಮೊಟ್ಟೆಯ ಉದ್ದ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು, ಬಣ್ಣ ಕೆನೆಹಳದಿ. ಭೂತಗನ್ನಡಿ ಇಲ್ಲದೆ ಕಾಣುವುದು ಕಷ್ಟ. ನಾಲ್ಕರಿಂದ ಆರು ದಿನದಲ್ಲಿ ಒಡೆಯುತ್ತದೆ. ಹೊರಬಂದ ಮರಿ ಬೇಗನೆ ಎಲೆಯೊಳಗೆ ಕೊರೆದು ಸೇರಿಕೊಳ್ಳುತ್ತದೆ. ಅಲ್ಲಿ ಹತ್ತರಿಂದ ಹದಿನೈದು ದಿನ, ನಾಲ್ಕು ಹಂತಗಳಲ್ಲಿ ಬೆಳೆಯುತ್ತದೆ. ಮೊದಲು ಕೆನೆಬಣ್ಣ, ಆಮೇಲೆ ಹಸಿರು, ಕೊನೆಗೆ ಬೆನ್ನ ಮೇಲೆ ಗುಲಾಬಿ ಛಾಯೆ. ತಲೆಯ ಹಿಂದೆ ಒಂದು ಕಪ್ಪು ಪಟ್ಟಿ. ಒಂದು ಎಲೆ ಮುಗಿದರೆ ಹೊರಬಂದು ಇನ್ನೊಂದಕ್ಕೆ ಹೊಗುತ್ತದೆ. ಬೆಳೆದು ಮುಗಿದ ಮೇಲೆ ನೂಲಿನ ಎಳೆ ಹಿಡಿದು ನೆಲಕ್ಕಿಳಿದು ಮಣ್ಣಿನಲ್ಲೋ, ಅಥವಾ ಮಡಚಿದ ಎಲೆಯಲ್ಲೇ, ತೊಟ್ಟಿನ ಅಡಿಯಲ್ಲೇ ಕೋಶವಾಗುತ್ತದೆ. ಹತ್ತು ದಿನದ ಆಸುಪಾಸಿನಲ್ಲಿ ಆ ಕೋಶದಿಂದ ಪತಂಗ ಹೊರಬರುತ್ತದೆ.

ಈ ಸುತ್ತು ಎಷ್ಟು ಬೇಗ ಮುಗಿಯುತ್ತದೆ ಎಂಬುದು ಬಿಸಿಲಿನ ಮೇಲಿದೆ. 14 ಡಿಗ್ರಿ ಉಷ್ಣತೆಯಲ್ಲಿ 76 ದಿನ, 20 ಡಿಗ್ರಿಯ ಬಳಿ 40 ದಿನ, 27 ಡಿಗ್ರಿಯಲ್ಲಿ ಕೇವಲ 24 ದಿನ. ನೀವು ನಾಟಿ ಮಾಡಿದಾಗ ರಾತ್ರಿ ಚಳಿ ಇತ್ತು, ಹಾಗಾಗಿ ಮೊದಲ ಸುತ್ತು ನಿಧಾನವಾಗಿ ನಡೆದಿರುತ್ತದೆ. ಈಗ ಮಾರ್ಚ್. ಹಗಲೂ ರಾತ್ರಿಯೂ ಸೇರಿಸಿ ಸರಾಸರಿ ನೋಡಿದರೆ ನಮ್ಮ ಮೈದಾನ 27 ಡಿಗ್ರಿಯ ಹತ್ತಿರಕ್ಕೆ ಬಂದಿದೆ. ನಿಮ್ಮ ಕೊಯ್ಲು ಮೇ ತಿಂಗಳ ನಡುವಿನವರೆಗೆ ನಡೆಯಬೇಕಾದರೆ ಇನ್ನೂ ಎರಡೂವರೆ ಮೂರು ಸುತ್ತು ಹುಳುವಿಗೆ ಅವಕಾಶವಿದೆ. ಒಂದು ಹೆಣ್ಣಿನ 260 ಮೊಟ್ಟೆಗಳಲ್ಲಿ ನೂರಕ್ಕೆ ತೊಂಬತ್ತು ಸತ್ತವು ಎಂದುಕೊಳ್ಳಿ. ಉಳಿದದ್ದು 26, ಅದರಲ್ಲಿ ಅರ್ಧ ಹೆಣ್ಣು, 13. ಮುಂದಿನ ಸುತ್ತಿಗೆ ಆ 13 ಹೆಣ್ಣು 169 ಆಗುತ್ತವೆ, ಅದರ ಮುಂದಿನದಕ್ಕೆ 2,197. ನೂರಕ್ಕೆ ತೊಂಬತ್ತನ್ನು ಕೊಂದೆ ಎಂದು ನೆಮ್ಮದಿಯಿಂದ ಮಲಗುವಂತಿಲ್ಲ.

ಈ ಲೆಕ್ಕದ ಪಕ್ಕದಲ್ಲಿ ನಿಮ್ಮ ಏಳು ಸಿಂಪಡಣೆಯನ್ನು ಇಟ್ಟು ನೋಡೋಣ. ನೀವು ಹೊಡೆದ ಮದ್ದುಗಳಲ್ಲಿ ಹೆಚ್ಚಿನವು ಕೊಲ್ಲುವುದು ಮರಿಯನ್ನು ಮಾತ್ರ. ಮಣ್ಣಿನಲ್ಲಿರುವ ಕೋಶಕ್ಕೆ ಅದು ತಲುಪುವುದಿಲ್ಲ. ಮರಿಯೂ ಎರಡು ಸಿಪ್ಪೆಗಳ ನಡುವೆ ಹಾಸಿಗೆ ಹಾಸಿಕೊಂಡಂತೆ ಮಲಗಿದೆ. ಎಲೆಯ ಮೇಲೆ ಮಾತ್ರ ನಿಲ್ಲುವ ಮದ್ದಿನಿಂದ ಅದಕ್ಕೆ ಭಯವಿಲ್ಲ. ಹಾಗಾಗಿ ಯಾವ ದಿನ ಹೊಡೆದರೂ ತೋಟದ ಒಟ್ಟು ಸಂತತಿಯಲ್ಲಿ ಒಂದು ಪಾಲಿಗೆ ಮಾತ್ರ ಪೆಟ್ಟು ಬೀಳುತ್ತದೆ. ಉಳಿದವು ಹತ್ತು ದಿನ ಕಳೆದು ಪತಂಗವಾಗಿ ಏಳುತ್ತವೆ. ರೈತ ಅದನ್ನು ನೋಡಿ “ಮದ್ದು ಕಲಬೆರಕೆ” ಎನ್ನುತ್ತಾನೆ, ಅಂಗಡಿಯವರು ಇನ್ನೂ ಜೋರಾದ ಡಬ್ಬಿ ಕೊಡುತ್ತಾರೆ.

ಡಬ್ಬಿಗಳ ಮಾತಿಗೆ ಬಂದರೆ, ನಾಲ್ಕು ಬೇರೆ ಬೇರೆ ಮದ್ದು ಎಂದು ನೀವು ನಂಬಿದ್ದೀರಿ. ಬಣ್ಣ ಬೇರೆ, ಕಂಪನಿ ಬೇರೆ, ಬೆಲೆ ಬೇರೆ, ನಿಮ್ಮ ತಪ್ಪಿಲ್ಲ. ಆದರೆ ಲೇಬಲ್‌ನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ ರಾಸಾಯನಿಕದ ಹೆಸರು ಓದಿ. ಒಂದರಲ್ಲಿ ಕ್ಲೋರಾಂಟ್ರನಿಲಿಪ್ರೋಲ್, ಇನ್ನೊಂದರಲ್ಲಿ ಫ್ಲುಬೆಂಡಿಯಮೈಡ್, ಮೂರನೆಯದರಲ್ಲಿ ಸಯಾಂಟ್ರನಿಲಿಪ್ರೋಲ್. ಈ ಮೂರೂ ಒಂದೇ ಮನೆತನದ ಅಣ್ಣತಮ್ಮಂದಿರು. ಮೂರೂ ಹುಳುವಿನ ಸ್ನಾಯುವಿನ ಒಂದೇ ಜಾಗಕ್ಕೆ ಹೊಡೆಯುತ್ತವೆ. ಒಂದನ್ನು ತಾಳಿಕೊಂಡು ಬದುಕಿದ ಹುಳು ಉಳಿದೆರಡನ್ನೂ ಹೆಚ್ಚುಕಡಿಮೆ ತಾಳಿಕೊಳ್ಳುತ್ತದೆ. ಇಟಲಿ ಮತ್ತು ಗ್ರೀಸ್‌ನಲ್ಲಿ ಇದೇ ಮನೆತನದ ಮದ್ದಿಗೆ ಟೂಟಾ ಜಗ್ಗದಾಗಿದೆ ಎಂಬ ವರದಿ 2015ರಲ್ಲೇ ಬಂದಿತ್ತು. ಅಲ್ಲಿ ಅದು ಕಾಲಿಟ್ಟು ಹತ್ತು ವರ್ಷವೂ ಆಗಿರಲಿಲ್ಲ. ನಾಲ್ಕನೆಯ ಡಬ್ಬಿ ಲ್ಯಾಂಬ್ಡಾ ಸೈಹಲೋಥ್ರಿನ್. ಅದು ಎಲೆಯೊಳಗಿನ ಮರಿಯನ್ನು ಮುಟ್ಟಲಾರದು, ಆದರೆ ಹೊರಗೆ ಓಡಾಡುತ್ತ ಮೊಟ್ಟೆ ತಿನ್ನುವ ನಿಮ್ಮ ಪರವಾದ ಕೀಟಗಳನ್ನು ಚೆನ್ನಾಗಿ ಕೊಲ್ಲುತ್ತದೆ.

ಹಾಗಾದರೆ ಎಂಟನೆಯ ಸಲ ಏನು? ಹೊಡೆಯುವ ಮೊದಲು ಎಣಿಸಿ. ಬೆಳಿಗ್ಗೆ ತೋಟದಲ್ಲಿ ಅಡ್ಡಾದಿಡ್ಡಿಯಾಗಿ ನಡೆದು ಇಪ್ಪತ್ತು ಗಿಡ ನೋಡಿ. ಮಚ್ಚೆ ಬಿದ್ದ ಎಲೆಯನ್ನು ಸೂರ್ಯನಿಗೆ ಎದುರಾಗಿ ಹಿಡಿಯಿರಿ. ಒಳಗೆ ಜೀವಂತ ಹುಳು ಇದ್ದರೆ ಹಸಿರು ನೆರಳಿನಂತೆ ಕಾಣುತ್ತದೆ, ಬೆರಳಿನಿಂದ ಒತ್ತಿದರೆ ಅಲುಗುತ್ತದೆ. ಕಂದಾಗಿ ಒಣಗಿದ ಮಚ್ಚೆ ಖಾಲಿ ಮನೆ. ಹುಳು ಅಲ್ಲಿಂದ ಎಂದೋ ಎದ್ದು ಹೋಗಿದೆ. ಈ ಖಾಲಿ ಮನೆಗಳನ್ನು ನೋಡಿ ಮದ್ದು ಹೊಡೆಯುವುದನ್ನು ನಾನು ವರ್ಷ ವರ್ಷವೂ ಕಾಣುತ್ತೇನೆ, ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. ಸಾವಿರಾರು ರೂಪಾಯಿ ಗಾಳಿಗೆ ಹೋಗುತ್ತದೆ. ನೀವು ಕಳುಹಿಸಿದ ಹದಿನಾಲ್ಕು ಎಲೆಗಳಲ್ಲಿ ಒಂಬತ್ತು ಖಾಲಿ ಮನೆಗಳೇ.

ಇನ್ನು ಬಲೆ. ಗಂಡು ಪತಂಗವನ್ನು ಸೆಳೆಯುವ ಹೆಣ್ಣಿನ ವಾಸನೆಯನ್ನು ರಬ್ಬರ್ ತುಂಡಿಗೆ ತುಂಬಿದ ಲ್ಯೂರ್ ಸಿಗುತ್ತದೆ. ಕೊಳ್ಳುವಾಗ ಟೂಟಾ ಲ್ಯೂರ್ ಎಂದೇ ಕೇಳಿ, ಕಾಯಿಕೊರಕದ ಲ್ಯೂರ್‌ಗೆ ಇದು ಬರುವುದಿಲ್ಲ. ಅಗಲವಾದ ಬೇಸಿನ್‌ಗೆ ನೀರು ತುಂಬಿ, ಎರಡು ತೊಟ್ಟು ಸೋಪಿನ ನೀರು ಬೆರೆಸಿ, ಅದರ ಮೇಲೆ ಲ್ಯೂರ್ ತೂಗುಹಾಕಿದರೂ ಸಾಕು. ಕಡ್ಡಿಯ ತುದಿಗೆ ಕಟ್ಟಬೇಡಿ, ನೆಲದಿಂದ ಒಂದೆರಡು ಅಡಿ ಎತ್ತರದಲ್ಲಿರಲಿ, ಈ ಪತಂಗ ತಗ್ಗಿನಲ್ಲೇ ಹಾರುತ್ತದೆ. ಬೀಡಿ, ಮದ್ದು ಮುಟ್ಟಿದ ಕೈಯಿಂದ ಲ್ಯೂರ್ ಹಿಡಿಯಬೇಡಿ. ನಾಲ್ಕರಿಂದ ಆರು ವಾರಕ್ಕೆ ಬದಲಿಸಿ. ಎಕರೆಗೆ ಎರಡು ಬಲೆ ಇದ್ದರೆ ಅದು ನಿಮ್ಮ ಕಣ್ಣು. ಹದಿನಾರರಿಂದ ಇಪ್ಪತ್ತು ಇಟ್ಟರೆ ಪತಂಗದ ಸಂಖ್ಯೆಯನ್ನೂ ತಗ್ಗಿಸುತ್ತದೆ. ಎರಡನೆಯದರ ಬಗ್ಗೆ ಅತಿ ಭರವಸೆ ಬೇಡ. ಬಲೆಗೆ ಬೀಳುವುದು ಗಂಡು ಮಾತ್ರ. ಒಂದು ಗಂಡು ಹಲವು ಹೆಣ್ಣುಗಳನ್ನು ಕೂಡಬಲ್ಲದು, ಅಣ್ಣನ ಹೊಲದಲ್ಲಿ ಕೂಡಿದ ಹೆಣ್ಣು ನಿಮ್ಮ ತೋಟಕ್ಕೆ ಬಂದು ಮೊಟ್ಟೆ ಇಡಬಲ್ಲದು. ಗಂಡಿನ ಸಂಗವಿಲ್ಲದೆಯೇ ಮೊಟ್ಟೆ ಇಟ್ಟು ಮರಿ ಮಾಡಿದ ಹೆಣ್ಣುಗಳನ್ನೂ ಪ್ರಯೋಗಾಲಯದಲ್ಲಿ ಕಂಡಿದ್ದಾರೆ. ಬಲೆಯ ನಿಜವಾದ ಲಾಭ ದಿನ ತಿಳಿಯುವುದರಲ್ಲಿದೆ. ಪ್ರತಿದಿನ ಬಿದ್ದ ಪತಂಗ ಎಣಿಸಿ ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯಿರಿ. ಸಂಖ್ಯೆ ಇದ್ದಕ್ಕಿದ್ದಂತೆ ಏರಿದ ದಿನದಿಂದ ಐದಾರು ದಿನಕ್ಕೆ ಮೊಟ್ಟೆ ಒಡೆಯುತ್ತವೆ, ಸಾಸಿವೆ ಕಾಳಿನಷ್ಟು ಹೊಸ ಮಚ್ಚೆ ಕಾಣುತ್ತದೆ. ಮದ್ದು ಹೊಡೆಯಬೇಕಾದರೆ ಅದೇ ಹೊತ್ತು. ಮರಿ ಎಳೆಯದಾಗಿರುವಾಗ ಒಂದು ಸಲ ಹೊಡೆದದ್ದು, ಬಲಿತ ಮೇಲೆ ಮೂರು ಸಲ ಹೊಡೆದದ್ದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಯಾವ ಮದ್ದು ಎಂದು ಕೇಳಿದ್ದೀರಿ. ಮೇಲೆ ಹೇಳಿದ ಅಣ್ಣತಮ್ಮಂದಿರನ್ನು ಈ ಬೆಳೆಯಲ್ಲಿ ಇನ್ನು ಮುಟ್ಟಬೇಡಿ. ಮುಂದಿನ ಸುತ್ತಿಗೆ ಸ್ಪೈನೋಸಾಡ್ ಅಥವಾ ಸ್ಪಿನೆಟೊರಾಮ್, ಎರಡರಲ್ಲಿ ಒಂದು ಮಾತ್ರ, ಅವೂ ಪರಸ್ಪರ ಒಂದೇ ಮನೆಯವು. ಅದರ ಮುಂದಿನ ಸುತ್ತಿಗೆ, ಅಂದರೆ ಸುಮಾರು 24 ದಿನ ಕಳೆದು, ಅಗತ್ಯ ಬಿದ್ದರೆ ಇಂಡಾಕ್ಸಾಕಾರ್ಬ್. ಪ್ರಮಾಣವನ್ನು ಲೇಬಲ್ ನೋಡಿ ಅಳೆಯಿರಿ, ಟೊಮೆಟೊಗೆ ಅನುಮತಿ ಇದೆಯೇ ಎಂಬುದನ್ನೂ ಅಲ್ಲೇ ನೋಡಿ. ಸಂಜೆ ಹೊಡೆಯಿರಿ, ಎಲೆಯ ಅಡಿ ತೋಯುವಂತೆ. ಮೂರು ನಾಲ್ಕು ಡಬ್ಬಿ ಒಂದೇ ಡ್ರಮ್ಮಿಗೆ ಸುರಿಯಬೇಡಿ. ಕೊಯ್ಲು ಶುರುವಾದ ಮೇಲೆ, ಲೇಬಲ್‌ನಲ್ಲಿ ಬರೆದಷ್ಟು ದಿನ ಕಾಯದೆ ಕಾಯಿ ಕೀಳಬೇಡಿ. ಟೂಟಾ ಕೊರೆದ ಕಾಯಿ ವಿಷವಲ್ಲ, ಕೊಳೆಯುತ್ತದೆ ಅಷ್ಟೇ. ನಿನ್ನೆ ಮದ್ದು ಹೊಡೆದು ಇಂದು ಕಿತ್ತ ಕಾಯಿಯ ಬಗ್ಗೆ ಮಾತ್ರ ನನಗೆ ಹೆದರಿಕೆ. ಅದನ್ನು ತಿನ್ನುವವರಲ್ಲಿ ನಿಮ್ಮ ಮನೆಯ ಮಕ್ಕಳೂ ಇದ್ದಾರೆ.

ಮೊಟ್ಟೆ ಮತ್ತು ಎಳೆ ಮರಿಯ ಮೇಲೆ ಬೇವಿನ ಮದ್ದು ಸಾಧಾರಣ ಫಲ ಕೊಡುತ್ತದೆ. ಲೇಬಲ್‌ನಲ್ಲಿ ಬರೆದ ಸಾಂದ್ರತೆ 10,000 ಪಿ.ಪಿ.ಎಂ. ಇರುವುದಾದರೆ ಲೀಟರಿಗೆ 2 ಮಿಲಿಲೀಟರ್. ಒಂದು ಸಲ ಹೊಡೆದು ಪವಾಡ ಕಾಯಬೇಡಿ. ವಾರಕ್ಕೊಮ್ಮೆ ಬೇಕು, ಹುಳು ಕಡಿಮೆ ಇರುವಾಗಲೇ ಬೇಕು.

ನಿಮ್ಮ ತೋಟದಲ್ಲಿ ನಿಮಗೆ ತಿಳಿಯದೆ ದುಡಿಯುವವರೂ ಇದ್ದಾರೆ. ನೆಸಿಡಿಯೊಕೋರಿಸ್ ಎಂಬ ತೆಳ್ಳನೆಯ ಹಸಿರು ತಿಗಣೆ ನಮ್ಮ ಟೊಮೆಟೊದಲ್ಲಿ ತಾನಾಗಿಯೇ ಇರುತ್ತದೆ, ಟೂಟಾದ ಮೊಟ್ಟೆ ಮತ್ತು ಎಳೆ ಮರಿಯನ್ನು ಚುಚ್ಚಿ ಹೀರುತ್ತದೆ. ಆಹಾರ ಸಾಲದಾದಾಗ ಅದು ಎಳೆ ಕಾಂಡವನ್ನೂ ಚುಚ್ಚುವುದುಂಟು, ಕಂದು ಉಂಗುರದಂಥ ಗಾಯ ಬೀಳುತ್ತದೆ. ಅದನ್ನು ನೋಡಿ ಹೊಸ ಪೀಡೆ ಎಂದು ಮದ್ದು ಹೊಡೆದವರನ್ನು ಕಂಡಿದ್ದೇನೆ. ಸ್ವಲ್ಪ ಗಾಯ ಸಹಿಸಿಕೊಳ್ಳಿ. ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಟ್ಟು ಕೊಲ್ಲುವ ಟ್ರೈಕೊಗ್ರಾಮ ಎಂಬ ಕಣಜದ ಕಾರ್ಡುಗಳೂ ಸಿಗುತ್ತವೆ. ಆ ಗುಂಪಿನಲ್ಲಿ ಭಾರತದಲ್ಲೇ ಮೊದಲು ಗುರುತಿಸಿದ ಒಂದು ಜಾತಿಯನ್ನು ಸ್ಪೇನಿನವರು ಟೂಟಾದ ಮೇಲೆ ಬಿಟ್ಟು ಪ್ರಯೋಜನ ಪಡೆದಿದ್ದಾರೆ. ಆದರೆ ನಿಮ್ಮಂತೆ ವಾರಕ್ಕೊಂದು ಸಲ ಮದ್ದು ಹೊಡೆಯುವ ತೋಟದಲ್ಲಿ ಆ ಕಣಜ ಬದುಕುವುದಿಲ್ಲ. ಮುಂದಿನ ಬೆಳೆಗೆ, ನಾಟಿಯ ದಿನದಿಂದಲೇ ಯೋಚಿಸುವುದಾದರೆ, ಅದರ ಮಾತಾಡೋಣ.

ಈಗ ಪೂರ್ವದ ಹೊಲ. ಇದನ್ನು ಹೇಳಲು ನನಗೆ ಸಂಕೋಚವಿದೆ, ಅದು ನಿಮ್ಮ ಅಣ್ಣನ ಹೊಲ. ಆದರೂ ಹೇಳಬೇಕು. ನಿಮ್ಮ ತೋಟದ ಟೂಟಾದ ಹೆರಿಗೆ ಮನೆ ಅದೇ. ಟೊಮೆಟೊ ಸೀಮೆಯಲ್ಲಿ ಈ ಹುಳು ಮಾರುಕಟ್ಟೆಯ ಬೆನ್ನು ಹತ್ತಿ ನಡೆಯುತ್ತದೆ. 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದ್ದು ನಿಮಗೆ ನೆನಪಿರಬೇಕು. ಆಮೇಲೆ ಎಲ್ಲರೂ ಟೊಮೆಟೊ ಇಟ್ಟರು, ಎರಡು ತಿಂಗಳಲ್ಲೇ ರೇಟು ನೆಲ ಕಚ್ಚಿತು. ಕೀಳುವ ಕೂಲಿ ಗಿಟ್ಟದಾಗ ರೈತ ಡ್ರಿಪ್ ಪೈಪು ಸುತ್ತಿಟ್ಟು, ಕಡ್ಡಿ ಬಿಚ್ಚಿ, ಗಿಡವನ್ನು ಹಾಗೇ ಬಿಟ್ಟು ಹೊರಡುತ್ತಾನೆ. ಮನಸ್ಸು ಒಡೆದವನಿಗೆ ಆ ಹೊಲದ ಕಡೆ ಮುಖ ಹಾಕುವುದೂ ಬೇಡವಾಗುತ್ತದೆ. ಅವನನ್ನು ನಾನು ದೂರುವುದಿಲ್ಲ. ಆದರೆ ಮದ್ದು ನಿಂತ ಆ ಹೊಲದಲ್ಲಿ ಎಲೆ ಇದೆ, ಕಾಯಿ ಇದೆ, ಯಾರ ಕಾಟವೂ ಇಲ್ಲ. ಚಳಿಗಾಲಕ್ಕೆ ನಿದ್ದೆ ಹೋಗುವ ಅಭ್ಯಾಸವೂ ಈ ಹುಳುವಿಗಿಲ್ಲ, ಮೇವು ಇರುವವರೆಗೂ ಸುತ್ತಿನ ಮೇಲೆ ಸುತ್ತು ಎಬ್ಬಿಸುತ್ತದೆ. ನೀವು ಏಳು ಸಲ ಕೊಂದದ್ದನ್ನು ಆ ಹೊಲ ಏಳು ಸಲ ತುಂಬಿಕೊಟ್ಟಿದೆ.

ನನ್ನ ಅನುಭವದಲ್ಲಿ, ಒಂದು ಡಬ್ಬಿ ಮದ್ದಿನ ದುಡ್ಡನ್ನು ಕೂಲಿಗೆ ಕೊಟ್ಟು ಪಕ್ಕದ ಹಳೆಯ ಗಿಡ ಕೀಳಿಸಿದವರಿಗೆ ಸಿಕ್ಕ ಫಲ ಯಾವ ಮದ್ದಿನಲ್ಲೂ ಸಿಕ್ಕಿಲ್ಲ. ಅಣ್ಣನಿಗೆ ಹೇಳಿ, ಖರ್ಚು ನೀವೇ ಹಾಕಿ. ಗಿಡ ಕಿತ್ತು ಬದುವಿನಲ್ಲಿ ರಾಶಿ ಹಾಕಿದರೆ ಅನಾಹುತ. ಒಣಗುವ ಎಲೆಯಿಂದ ಬಲಿತ ಹುಳು ಇಳಿದು ಮಣ್ಣಿಗೆ ಸೇರುತ್ತದೆ ಅಥವಾ ನಿಮ್ಮ ಗಿಡಕ್ಕೆ ನಡೆಯುತ್ತದೆ. ರಾಶಿಯನ್ನು ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಅಂಚಿಗೆ ಮಣ್ಣು ಒತ್ತಿ, ಮೂರು ವಾರ ಬಿಸಿಲಿಗೆ ಬಿಡಿ. ಇಲ್ಲವೇ ಗುಂಡಿ ತೆಗೆದು ಹೂಳಿ. ಬಳಿಕ ಹೊಲವನ್ನು ಉಳುಮೆ ಮಾಡಿಸಿದರೆ ಮಣ್ಣಿನ ಕೋಶಗಳು ಬಿಸಿಲಿಗೂ ಹಕ್ಕಿಗೂ ಸಿಗುತ್ತವೆ. ನಿಮ್ಮ ತೋಟದಲ್ಲಿ ಕಿತ್ತ ಮಚ್ಚೆ ಎಲೆ, ತೂತು ಬಿದ್ದ ಕಾಯಿಯನ್ನೂ ಸಾಲಿನಲ್ಲಿ ಎಸೆಯದೆ ಗೊಬ್ಬರದ ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಬದುವಿನ ಗಣಿಕೆ ಸೊಪ್ಪು, ದತ್ತೂರಿ ಗಿಡಗಳಲ್ಲೂ ಹುಳು ಬದುಕುತ್ತದೆ, ತೆಗೆದುಹಾಕಿ.

ಅಣ್ಣ ಮುಂದೆ ಏನು ಇಡಬೇಕು ಎಂದು ಕೇಳಿದರೆ ರಾಗಿ, ಹುರುಳಿಕಾಯಿ, ಕೋಸು, ಚೆಂಡುಹೂವು ಯಾವುದಾದರೂ ಆಗಲಿ. ಆಲೂಗಡ್ಡೆ, ಬದನೆ ಬೇಡ, ಅವೂ ಟೊಮೆಟೊದ ಬಳಗವೇ. ನೀವೂ ಮುಂದಿನ ಸಲ ನಾರು ತರುವಾಗ ನರ್ಸರಿಯ ಬಲೆ ಹರಿದಿದೆಯೇ ನೋಡಿ, ಟ್ರೇ ಎತ್ತಿ ಎಲೆಯ ಅಡಿ ನೋಡಿ. ಮೂರನೆಯ ವಾರಕ್ಕೇ ಮಚ್ಚೆ ಕಂಡಿತು ಎಂದಿರಿ. ಅಷ್ಟು ಬೇಗ ಬಂದದ್ದರಲ್ಲಿ ಒಂದು ಪಾಲು ನಾರಿನ ಜೊತೆಯೇ ಬಂದಿರುವ ಸಾಧ್ಯತೆ ಇದೆ.

ಉಳಿದದ್ದು ಪಶ್ಚಿಮದ ಹಿಪ್ಪುನೇರಳೆ. ಟೂಟಾ ಆ ಸೊಪ್ಪನ್ನು ಮುಟ್ಟುವುದಿಲ್ಲ, ಅತ್ತಿಗೆಗೆ ಆ ಧೈರ್ಯ ಹೇಳಿ. ಆದರೆ ಮೊದಲೇ ಹೇಳಿದ ನೆಂಟಸ್ತಿಕೆ ಇಲ್ಲಿ ಅಡ್ಡ ಬರುತ್ತದೆ: ಟೂಟಾದ ಮರಿಯನ್ನು ಕೊಲ್ಲುವ ಮದ್ದು ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ನೀವು ಈಗಾಗಲೇ ಹೊಡೆದ ಕ್ಲೋರಾಂಟ್ರನಿಲಿಪ್ರೋಲ್ ಮನೆತನ ರೇಷ್ಮೆ ಹುಳುವಿಗೆ ಘೋರ, ಎಲೆಯಲ್ಲಿ ಬಹಳ ದಿನ ಉಳಿಯುತ್ತದೆ. ಸ್ಪೈನೋಸಾಡ್ ಕೂಡ ಅವಕ್ಕೆ ವಿಷವೇ. ಹುಳು ಕೊಲ್ಲುವ ಬ್ಯಾಕ್ಟೀರಿಯದಿಂದ ಮಾಡಿ ಜೈವಿಕ ಎಂದು ಮಾರುವ ಬಿ.ಟಿ. ಪುಡಿಯನ್ನಂತೂ ರೇಷ್ಮೆ ಸಾಕುವ ಊರಿನಲ್ಲಿ ತರಲೇಬೇಡಿ. ಬೇವು ಹಾರಿ ಬಿದ್ದ ಸೊಪ್ಪನ್ನೂ ಹುಳು ಸರಿಯಾಗಿ ತಿನ್ನುವುದಿಲ್ಲ. ಆದ್ದರಿಂದ ಪಶ್ಚಿಮದ ಅಂಚಿನ ನಾಲ್ಕೈದು ಸಾಲಿಗೆ ಮದ್ದೇ ಬೇಡ. ಅಲ್ಲಿ ಎಲೆ ಕೀಳುವುದು ಮತ್ತು ಬಲೆ ಮಾತ್ರ. ಉಳಿದ ಕಡೆ ಗಾಳಿ ಪೂರ್ವಕ್ಕೆ ಬೀಸುವಾಗ ಅಥವಾ ನಿಂತಿರುವಾಗ ಹೊಡೆಯಿರಿ. ಹೊಡೆಯುವ ದಿನವನ್ನು ಅತ್ತಿಗೆಗೆ ಮುಂಚೆಯೇ ತಿಳಿಸಿ, ಚಾಕಿ ಮರಿ (ಎಳೆಯ ರೇಷ್ಮೆ ಹುಳು) ಮನೆಗೆ ತರುವ ವಾರ ಹೊಡೆಯಲೇಬೇಡಿ.

ಕಳೆದ ಏಳು ಸಿಂಪಡಣೆಯ ಹನಿ ಆ ತೋಟಕ್ಕೆ ಹಾರಿರಬಹುದು. ಈ ಬೆಳೆಯ ಸೊಪ್ಪು ಕೊಡುವ ಮೊದಲು ನಿಮ್ಮ ತೋಟದ ಅಂಚಿಗಿರುವ ಹಿಪ್ಪುನೇರಳೆ ಸಾಲಿನ ಸೊಪ್ಪನ್ನು ಬೇರೆಯಾಗಿ ಕೊಯ್ದು, ಇಪ್ಪತ್ತು ಮೂವತ್ತು ಹುಳುಗಳಿಗೆ ಒಂದು ತಟ್ಟೆಯಲ್ಲಿ ಪ್ರತ್ಯೇಕವಾಗಿ ಹಾಕಿ ಎರಡು ದಿನ ನೋಡಲು ಅತ್ತಿಗೆಗೆ ಹೇಳಿ. ಮೇವು ಬಿಟ್ಟರೆ, ಕುಗ್ಗಿದರೆ, ವಾಂತಿ ಮಾಡಿದರೆ ಆ ಸಾಲುಗಳನ್ನು ಬುಡಕ್ಕೆ ಸವರಿ ಹೊಸ ಚಿಗುರಿಗೆ ಬಿಡಬೇಕಾಗುತ್ತದೆ, ಆ ನಷ್ಟ ನಿಮ್ಮದು. ಇಂದು ಸಂಜೆಯೇ ಅವರ ಮನೆಗೆ ಹೋಗಿ ಈ ಮಾತು ಹೇಳಿ ಬನ್ನಿ. ಬಲೆ ಕಟ್ಟಿದ ಹತ್ತನೆಯ ದಿನಕ್ಕೆ ಕ್ಯಾಲೆಂಡರ್‌ನ ಲೆಕ್ಕವನ್ನು ನನಗೆ ಕಳುಹಿಸಿ, ಮದ್ದು ಬೇಕೇ ಬೇಡವೇ ಎಂಬುದನ್ನು ಅದನ್ನು ನೋಡಿ ನಿರ್ಧರಿಸೋಣ.